ಕೇಕಿನ ಧರ್ಮತಂದೆ

ಲಿಬೋರಿಯೊ ಸಾಮಾನೊ ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ದುಡಿದ. ಅಷ್ಟು ವರ್ಷಗಳಲ್ಲಿ ಒಂದು ಕೊಲೆಯ ಬಗ್ಗೆಯೂ ಒಂದು ಸಾಲು ಬರೆಯಲಿಲ್ಲ. ಬರೆಯಬಾರದೆಂಬ ವ್ರತವೇನೂ ಇರಲಿಲ್ಲ. ಅವನ ಪುಟಕ್ಕೆ ಕೊಲೆ ಬರುತ್ತಿರಲಿಲ್ಲ, ಅಷ್ಟೆ. ಅವನದು ಮದುವೆ, ದೀಕ್ಷಾಸ್ನಾನ, ಹುಡುಗಿಯರಿಗೆ ಹದಿನೈದು ತುಂಬಿದ ಹಬ್ಬ, ದಂಪತಿಗಳಿಗೆ ಐವತ್ತು ತುಂಬಿದ ಹಬ್ಬ, ಇವುಗಳ ಪುಟ. ಸಾನ್ ಬ್ರಾಉಲಿಯೊದಲ್ಲಿ ಪತ್ರಿಕೆಯವರು ಸಾಯುತ್ತಾರೆ ಎಂದರೆ ಕೊಲೆಯ ಪುಟದವರು ಸಾಯುತ್ತಾರೆ ಎಂದೇ ಅರ್ಥವಿತ್ತು. ಅವನ ಹೆಂಡತಿ ಒತೀಲ್ಯಾ ಈ ನಂಬಿಕೆಯ ಮೇಲೆ ತಲೆಯಿಟ್ಟು ಮೂವತ್ತೊಂದು ವರ್ಷ ನಿದ್ದೆ ಮಾಡಿದಳು.

ಪತ್ರಿಕೆಯ ಹೆಸರು ಎಲ್ ಪ್ರೆಗೋನ್. ಹಾಗೆಂದರೆ ಡಂಗುರ. ಗೆರೆರೊ ರಾಜ್ಯದ ಬಿಸಿಸೀಮೆಯಲ್ಲಿ, ಬಾಲ್ಸಾಸ್ ನದಿಯ ಈಚೆ ದಂಡೆಯ ಏಳೆಂಟು ಊರುಗಳಿಗೆ ಅದು ಹೋಗುತ್ತಿತ್ತು. ಹಿಂದೊಮ್ಮೆ ಅದರಲ್ಲಿ ಕೊಲೆಯ ಪುಟವೂ ಇತ್ತು. ಒಂದು ಬೆಳಿಗ್ಗೆ ಕಚೇರಿಯ ಗೋಡೆಗೆ ನೂರ ಹನ್ನೆರಡು ಗುಂಡು ಬಿದ್ದ ಮೇಲೆ ಆ ಪುಟವನ್ನು ನಿಲ್ಲಿಸಿದರು. ಗೋಡೆಗೆ ಗಾರೆ ಮಾಡಿಸಿದರು. ಆಮೇಲೆ ಊರ ನಡುವೆ ನಾಲ್ಕು ಗಂಟೆ ಹೊತ್ತು ಗುಂಡು ಹಾರಿದ ಮರುದಿನ ಮೊದಲ ಪುಟದ ತಲೆಬರಹ ‘ಈ ವರ್ಷ ಕರಬೂಜದ ಬೆಳೆ ಚೆನ್ನಾಗಿದೆ’ ಎಂದಿತ್ತು. ಅದು ಸುಳ್ಳಾಗಿರಲಿಲ್ಲ. ಕರಬೂಜ ಆ ವರ್ಷ ನಿಜಕ್ಕೂ ಚೆನ್ನಾಗಿ ಬಂದಿತ್ತು.

ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂಬುದನ್ನು ‘ಅವರು’ ಹೇಳುತ್ತಿದ್ದರು. ಅವರು ಎಂದರೆ ಯಾರು ಎಂದು ಕೇಳುವ ಅಭ್ಯಾಸ ನಮ್ಮೂರಲ್ಲಿ ಇಲ್ಲ. ಹೇಳುವುದನ್ನು ಫೋನಿನಲ್ಲಿ ಹೇಳುತ್ತಿದ್ದರು. ಕೇಳಿಸಿಕೊಳ್ಳುವ ಕೆಲಸ ಚೇಮಾ ರುವಾಲ್ಕಾಬಾನದು. ಕೊಲೆಯ ಪುಟ ಬರೆಯುತ್ತಿದ್ದ ಅವನಿಗೆ ಅದು ಹೋದ ಮೇಲೆ ಉಳಿದದ್ದು ಇದೇ. ಅವನ ಜೇಬಿನಲ್ಲಿ ಎರಡು ಫೋನು. ಎರಡನೆಯದು ರಿಂಗಾದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದ. ಕಚೇರಿಯವರು ಅವನನ್ನು ಸೇತುವೆ ಎಂದು ಕರೆಯುತ್ತಿದ್ದರು. ಸೇತುವೆಯ ಮೇಲೆ ಎರಡೂ ಕಡೆಯವರು ನಡೆದು ಹೋಗುತ್ತಾರೆ, ಸೇತುವೆಗೆ ಯಾರೂ ಹೇಗಿದ್ದೀಯ ಎನ್ನುವುದಿಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಲಿಬೋರಿಯೊ ಮಾತ್ರ ದಿನವೂ ಹೇಗಿದ್ದೀಯ ಎಂದು ಕೇಳುತ್ತಿದ್ದ. ರುವಾಲ್ಕಾಬಾನ ಎರಡನೆಯ ಮಗಳಿಗೆ ಅವನು ಧರ್ಮತಂದೆ. ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ; ಹೆಂಗಸಾದರೆ ಕೊಮಾದ್ರೆ. ಮಗುವಿನ ಅಪ್ಪನಿಗೂ ಧರ್ಮತಂದೆಗೂ ನಡುವೆ ಇರುವ ಈ ನಂಟು ನಮ್ಮಲ್ಲಿ ಒಡಹುಟ್ಟಿದವರದಕ್ಕಿಂತ ಒಂದು ಗೇಣು ಹೆಚ್ಚು.

ಕೊಲೆಯ ಪುಟ ನಿಂತ ಮೇಲೆ ಲಿಬೋರಿಯೊನ ಪುಟ ಹನ್ನೊಂದರಿಂದ ಮೂರಕ್ಕೆ ಏರಿತು. ಜನ ಪತ್ರಿಕೆ ಕೊಂಡವರೇ ಮೊದಲು ಮೂರನೆಯ ಪುಟ ತೆಗೆಯುತ್ತಿದ್ದರು. ಯಾರ ಹಬ್ಬಕ್ಕೆ ಯಾರು ಬಂದಿದ್ದರು, ಹೋದ ವರ್ಷ ಬಂದಿದ್ದವರಲ್ಲಿ ಈ ವರ್ಷ ಯಾರು ಇಲ್ಲ ಎಂದು ನೋಡಿಕೊಂಡು, ಈ ವಾರ ಯಾವ ರಸ್ತೆಯಲ್ಲಿ ಓಡಾಡಬಾರದು ಎಂದು ತೀರ್ಮಾನಿಸುತ್ತಿದ್ದರು. ಲಿಬೋರಿಯೊ ಇದು ತನಗೆ ಗೊತ್ತೇ ಇಲ್ಲವೆಂಬಂತೆ ಇದ್ದ. ‘ಹುಡುಗಿ ಲಿಲಾಕ್ ಬಣ್ಣದ ಉಡುಪಿನಲ್ಲಿ ಕಂಗೊಳಿಸಿದಳು’ ಎಂದು ಬರೆಯುತ್ತಿದ್ದ. ಅವನ ಮೂವತ್ತೊಂದು ವರ್ಷದ ಬರವಣಿಗೆಯಲ್ಲಿ ಕಂಗೊಳಿಸದ ಹುಡುಗಿ ಒಬ್ಬಳೂ ಇಲ್ಲ.

ಅವನು ಧೈರ್ಯವಂತನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸತ್ತವರನ್ನು ಧೈರ್ಯವಂತರನ್ನಾಗಿ ಮಾಡುವುದು ಸುಲಭ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಸರಪಳಿ ಹಾಕಿದ ನಾಯಿಗೂ ದಾಟುತ್ತಿದ್ದ. ಒತೀಲ್ಯಾ ಇಸ್ತ್ರಿ ಮಾಡಿಕೊಟ್ಟ ಬಿಳಿಯ ಅಂಗಿ ತೊಟ್ಟು, ಕತ್ತಿಗೆ ಪೌಡರ್ ಹಾಕಿಕೊಂಡು, ಬಿಸಿಸೀಮೆಯ ಬಿಸಿಲಲ್ಲಿ ಒಂದು ಹನಿ ಬೆವರಿಲ್ಲದೆ ನಡೆದು ಹೋಗುವುದು ಹೇಗೆಂದು ಊರವರಿಗೆಲ್ಲ ಆಶ್ಚರ್ಯ. ಪತ್ರಿಕೆಯ ಫೋಟೋಗ್ರಾಫರ್ ಪ್ಲಾಸಿದೊನ ಜೊತೆ ಅವನಿಗೆ ಇಪ್ಪತ್ತು ವರ್ಷದ ಜಗಳವಿತ್ತು. ಪ್ಲಾಸಿದೊ ಯಾವಾಗಲೂ ಜನರು ಬಾಯಿ ತೆರೆದಾಗಲೇ ಫೋಟೋ ತೆಗೆಯುತ್ತಾನೆ ಎಂಬುದು ಲಿಬೋರಿಯೊನ ದೂರು. ಬಾಯಿ ಮುಚ್ಚಿಕೊಂಡು ಯಾವ ಹಬ್ಬ ಆಗುತ್ತದೆ ಎಂಬುದು ಪ್ಲಾಸಿದೊನ ವಾದ.

ನಮ್ಮಲ್ಲಿ ಹಬ್ಬವನ್ನು ಒಬ್ಬರೇ ಮಾಡುವುದಿಲ್ಲ. ಹುಡುಗಿಗೆ ಹದಿನೈದು ತುಂಬಿದರೆ ಮನೆಯವರು ಬಂಧುಬಳಗವನ್ನೆಲ್ಲ ಸುತ್ತಿ, ಒಬ್ಬೊಬ್ಬರನ್ನು ಒಂದೊಂದಕ್ಕೆ ಧರ್ಮತಂದೆ, ಧರ್ಮತಾಯಿಯಾಗಲು ಕೇಳಿಕೊಳ್ಳುತ್ತಾರೆ. ಕಿರೀಟಕ್ಕೊಬ್ಬರು, ಚಪ್ಪಲಿಗೊಬ್ಬರು, ಸಂಗೀತಕ್ಕೊಬ್ಬರು, ಚರ್ಚಿನಲ್ಲಿ ಮಂಡಿಯೂರುವ ದಿಂಬಿಗೊಬ್ಬರು. ಒಪ್ಪಿಕೊಂಡವರು ಆ ವಸ್ತುವನ್ನು ತರುತ್ತಾರೆ, ಪಾದ್ರಿಯ ಮುಂದೆ ನಿಲ್ಲುತ್ತಾರೆ, ಜೀವಮಾನವಿಡೀ ನಂಟರಾಗುತ್ತಾರೆ. ಪ್ರತಿಯಾಗಿ ಅವರಿಗೆ ಸಿಗುವುದು ಪತ್ರಿಕೆಯಲ್ಲಿ ಒಂದು ಹೆಸರು.

ಹಿಂದೆ ಒಂದು ಸಲ, ತೊಂಬತ್ತನಾಲ್ಕರಲ್ಲಿ, ಲಿಬೋರಿಯೊ ದಿಂಬಿನ ಧರ್ಮತಾಯಿಯ ಹೆಸರನ್ನು ಬಿಟ್ಟುಬಿಟ್ಟಿದ್ದ. ಆಕೆಯೂ ಹುಡುಗಿಯ ಅಮ್ಮನೂ ಹನ್ನೊಂದು ವರ್ಷ ಚರ್ಚಿನ ಒಂದೇ ಬೆಂಚಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಲಿಬೋರಿಯೊ ಮೂರು ಭಾನುವಾರ ಇಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿದ. ಅಲ್ಲಿಂದ ಮುಂದೆ ಅವನು ಒಂದು ನಿಯಮ ಮಾಡಿಕೊಂಡ. ಹಬ್ಬವಾದ ಎರಡನೆಯ ದಿನ ಹುಡುಗಿಯ ಅಮ್ಮನ ಎದುರು ಕೂತು ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ತಿರುಗಿ ಓದಿ ಹೇಳುವುದು. ಆಮೇಲೆ ಯಾರ ಹೆಸರೂ ಬಿಟ್ಟುಹೋಗಲಿಲ್ಲ. ಅದರ ಫಲವಾಗಿ ಊರೆಲ್ಲ ಅವನನ್ನೇ ಧರ್ಮತಂದೆಯಾಗಲು ಕರೆಯಿತು. ಸ್ವಂತ ಮಕ್ಕಳಿಲ್ಲದ ಅವನಿಗೆ ಅರವತ್ತಮೂರು ಧರ್ಮಮಕ್ಕಳಾದರು. ಅವರಲ್ಲಿ ಪೊಲೀಸರ ಮಕ್ಕಳಿದ್ದರು, ‘ಅವರ’ ಮಕ್ಕಳೂ ಇದ್ದರು.

“ಎಲ್ಲಾ ಕಡೆನೂ ನಂಗೆ ಕೊಂಪಾದ್ರೆಗಳೇ. ಸ್ವಂತ ಕೊಂಪಾದ್ರೆನ ಯಾರು ಕೊಲ್ತಾರೆ?” ಎನ್ನುತ್ತಿದ್ದ.

“ಕೊಂಪಾದ್ರೆ ಅಲ್ದೋರು,” ಎನ್ನುತ್ತಿದ್ದ ರುವಾಲ್ಕಾಬಾ.

ಆ ವರ್ಷದ ಏಪ್ರಿಲ್‌ನಲ್ಲಿ ಯಾರೆತ್ಸಿ ಎಂಬ ಹುಡುಗಿಗೆ ಹದಿನೈದು ತುಂಬಿತು. ಅವಳ ಅಪ್ಪ ನಬೋರ್ ದನದ ವ್ಯಾಪಾರಿ ಎಂದು ಎಲ್ಲರೂ ಹೇಳುತ್ತಿದ್ದರು. ಅವನ ಹತ್ತಿರ ದನಗಳೂ ಇದ್ದವು. ಶನಿವಾರ ಹಬ್ಬ. ನಾನೂರು ಜನ ಉಂಡರು. ಕೇಕು ಐದು ಅಂತಸ್ತಿನದು. ಸೋಮವಾರ ಬೆಳಿಗ್ಗೆ ಲಿಬೋರಿಯೊ ಪುಸ್ತಕ ಹಿಡಿದು ಹುಡುಗಿಯ ಅಮ್ಮ ಎದೆಲ್ಮಿರಾಳ ಎದುರು ಕೂತ. ಬಾಗಿಲಲ್ಲಿ ಎರಡು ನಾಯಿ ಇದ್ದವು. ಅವನ್ನು ಕಟ್ಟಿಹಾಕುವ ತನಕ ಅವನು ಗೇಟಿನ ಹೊರಗೆ ಬಿಸಿಲಲ್ಲೇ ನಿಂತಿದ್ದ.

“ಬರ್ಕೊಳ್ಳಿ ಕೊಂಪಾದ್ರೆ,” ಎಂದಳು ಎದೆಲ್ಮಿರಾ. ಅವಳ ಮಗಳ ದೀಕ್ಷಾಸ್ನಾನದಲ್ಲಿ ಮೇಣದಬತ್ತಿಯ ಧರ್ಮತಂದೆ ಇವನೇ. “ಕಿರೀಟ ನನ್ನ ತಂಗಿ, ಅವಳ ಗಂಡ. ಚಪ್ಪಲಿ ನಮ್ಮ ನಾದಿನಿ, ಅವಳು ತಂದಿದ್ದು ಒಂದು ನಂಬರ್ ಚಿಕ್ಕದು, ಅದನ್ನೇನೂ ಹಾಕ್ಬೇಡಿ. ಹುಡುಗಿ ರಾತ್ರಿಯೆಲ್ಲಾ ಕುಂಟಿದ್ಳು.”

“ಕಂಗೊಳಿಸಿದಳು ಅಂತ ಹಾಕ್ತೀನಿ ಕೊಮಾದ್ರೆ.”

“ಹಾಕಿ. ಕೇಕು ಕಮಾಂಡರ್ ಲಾದಿಸ್ಲಾವೊ ಒರ್ದುನ್ಯಾ, ಅವರ ಮನೆಯವರು ರೊಸೌರಾ.”

ಲಿಬೋರಿಯೊನ ಪೆನ್ಸಿಲು ನಿಂತಿತು. ಪೊಲೀಸ್ ಕಮಾಂಡರ್ ಒರ್ದುನ್ಯಾ ಮೂರು ತಿಂಗಳ ಹಿಂದೆ ರಾಜಧಾನಿಯಿಂದ ಬಂದವನು. ಬಂದ ದಿನವೇ ಚೌಕದಲ್ಲಿ ನಿಂತು, ‘ಅವರನ್ನು’ ಬೇರುಸಮೇತ ಕಿತ್ತು ಹಾಕುತ್ತೇನೆ ಎಂದು ಭಾಷಣ ಮಾಡಿದ್ದ. ‘ಅವರ’ ಅಪ್ಪಣೆ ಪಡೆದು ಪತ್ರಿಕೆ ಆ ಭಾಷಣವನ್ನು ಪೂರ್ತಿಯಾಗಿ ಹಾಕಿತ್ತು.

“ಕೇಕನ್ನೂ ಹಾಕ್ಬೇಕಾ ಕೊಮಾದ್ರೆ?”

“ಯಾಕೆ ಹಾಕ್ಬಾರ್ದು? ನೀವೇ ಎರಡು ಸಲ ಹಾಕಿಸ್ಕೊಂಡು ತಿಂದ್ರಿ.”

“ತಿಂದೆ.”

“ಚೆನ್ನಾಗಿರ್ಲಿಲ್ವಾ?”

“ಚೆನ್ನಾಗಿತ್ತು. ದೊನ್ ನಬೋರ್ ಏನಂತಾರೋ ಅಂತ...”

“ನಬೋರ್‌ಗೆ ದನ ಬಿಟ್ರೆ ಇನ್ನೇನ್ ಗೊತ್ತು? ಹಬ್ಬ ನಂದು. ಒಂದು ಹೆಸರು ಬಿಟ್ರೂ ಆ ಜನದ ಮುಖ ನಾನು ಹೇಗೆ ನೋಡ್ಲಿ?”

ಮೂವತ್ತನಾಲ್ಕು ಹೆಸರಾದವು. ಲಿಬೋರಿಯೊ ತಿರುಗಿ ಓದಿದ. ಕೇಕಿನ ಹತ್ತಿರ ಬಂದಾಗ ಬೇಗ ಓದಿ ದಾಟಿಕೊಂಡ. ಒಳಗಿಂದ ಮಗಳು ಏನೋ ಕೂಗಿದಳು, ಎದೆಲ್ಮಿರಾಳ ಗಮನ ಅತ್ತ ಹೋಯಿತು.

ರುವಾಲ್ಕಾಬಾ ಅವನ ಪುಟವನ್ನು ಯಾವತ್ತೂ ಅಚ್ಚಿಗೆ ಮೊದಲು ಓದಿದವನಲ್ಲ. ಆ ಬುಧವಾರ ಓದಿದ.

“ಕೊಂಪಾದ್ರೆ, ಏನಿದು?”

“ಹಬ್ಬ.”

“ಹಬ್ಬ ಅಂತ ನಂಗೂ ಗೊತ್ತು. ಕೇಕು ಬಿಡು.”

“ಬಿಟ್ಟು ಏನಂತ ಬರೀಲಿ? ನಾನೂರು ಜನ ತಿಂದಿದಾರೆ. ತಾನಾಗೇ ನೆಲದಿಂದ ಎದ್ದು ಬಂತು ಅನ್ಲಾ?”

“ಹೆಸರು ಬಿಡು. ‘ಮತ್ತಿತರ ಆತ್ಮೀಯರು’ ಅಂತ ಹಾಕು.”

“ಮತ್ತಿತರ ಆತ್ಮೀಯರು ಅನ್ನೋ ಮನುಷ್ಯನ್ನ ನಾನು ಇದುವರೆಗೂ ನೋಡಿಲ್ಲ. ಅವನ ಮನೆ ಯಾವ ಬೀದೀಲಿದೆ?”

“ಆಡ್ಬೇಡ ಕೊಂಪಾದ್ರೆ.”

“ಆಡ್ತಿಲ್ಲ. ನಂಗೂ ಭಯ ಆಗ್ತಿದೆ. ನೀನೇ ಫೋನ್ ಮಾಡಿ ಕೇಳು. ಬೇಡ ಅಂದ್ರೆ ಹುಡುಗಿ ಅಮ್ಮನಿಗೆ ಅವರೇ ಹೇಳ್ಕೊಳ್ಲಿ.”

ರುವಾಲ್ಕಾಬಾ ಎದ್ದು ನಿಂತು ಫೋನ್ ಮಾಡಿದ. ಆ ಕಡೆ ಟಿವಿಯಲ್ಲಿ ಫುಟ್‌ಬಾಲ್ ಆಟದ ಗದ್ದಲ ಕೇಳುತ್ತಿತ್ತು.

“ಅಮ್ಮಾವ್ರ ಫಂಕ್ಷನ್ನಾ?” ಎಂದಿತು ದನಿ. “ಎಲ್ಲಾ ಹಾಕ್ರಿ. ಫೋಟೋ ದೊಡ್ದು ಹಾಕ್ರಿ. ಅಪ್ಪನ ಮುಖ ಮಾತ್ರ ಬೇಡ.”

“ಧರ್ಮತಂದೆಗಳ ಹೆಸರು? ಒಂದ್ಸಲ ಓದಿ ಹೇಳ್ಬಿಡ್ತೀನಿ.”

“ಅಷ್ಟೂ ಹೆಸರು ನಾನು ಕೇಳ್ತಾ ಕೂತ್ಕೊಳ್ಲಾ? ಹಾಕ್ರಿ. ಒಂದು ಕಮ್ಮಿಯಾದ್ರೂ ಅಮ್ಮಾವ್ರು ನಮ್ಮ ಚರ್ಮ ಸುಲೀತಾರೆ.”

ಹೀಗೆ ಅಪ್ಪಣೆ ಸಿಕ್ಕಿತು. ಅಪ್ಪಣೆಯಿಲ್ಲದೆ ಏನೂ ನಡೆಯಲಿಲ್ಲ ಎಂಬುದು ಈ ಕಥೆಯಲ್ಲಿ ಎಲ್ಲರೂ ಒಪ್ಪುವ ಒಂದೇ ಸಂಗತಿ.

ಪುಟ ಗುರುವಾರ ಬಂತು. ಗುರುವಾರ ನಮ್ಮಲ್ಲಿ ಎಲ್ಲರೂ ಹಸಿರು ಪೊಸೋಲೆ ಎಂಬ ಜೋಳದ ಸಾರು ಉಣ್ಣುತ್ತಾರೆ. ಊರೆಲ್ಲ ಪೊಸೋಲೆಯ ಬಟ್ಟಲು ಒಂದು ಕೈಯಲ್ಲಿ, ಮೂರನೆಯ ಪುಟ ಇನ್ನೊಂದು ಕೈಯಲ್ಲಿ ಹಿಡಿದು ಸುಮ್ಮನೆ ಉಂಡಿತು. ಶುಕ್ರವಾರ ಬೆಳಿಗ್ಗೆಯಷ್ಟೊತ್ತಿಗೆ ಯಾರೋ ಆ ಪುಟದ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದರು. ಹತ್ತು ಗಂಟೆಗೆ ರಾಜಧಾನಿಯ ರೇಡಿಯೊದಲ್ಲಿ ಒಬ್ಬ ಅಚ್ಚಾದ ಹೆಸರುಗಳನ್ನೆಲ್ಲ ನಿಧಾನವಾಗಿ ಓದಿದ. ಕಿರೀಟ, ಚಪ್ಪಲಿ, ಸಂಗೀತ. ಕೇಕು ಬಂದಾಗ ನಿಲ್ಲಿಸಿ ನೀರು ಕುಡಿದ. ಮಧ್ಯಾಹ್ನ ಕಮಾಂಡರ್‌ನನ್ನು ವಿವರಣೆ ಕೊಡಲು ರಾಜಧಾನಿಗೆ ಕರೆಸಿಕೊಂಡರು. ತನಗೆ ಸಕ್ಕರೆ ಕಾಯಿಲೆಯಿದೆ, ತಾನು ಕೇಕನ್ನೇ ಮುಟ್ಟುವುದಿಲ್ಲ ಎಂದು ಅವನು ವಿವರಣೆ ಕೊಟ್ಟ.

ಸಂಜೆ ರುವಾಲ್ಕಾಬಾ ಲಿಬೋರಿಯೊನ ಮೇಜಿನ ಹತ್ತಿರ ಬಂದು ಒಂದು ಚೀಟಿ ಇಟ್ಟ. ಅದರಲ್ಲಿ ಅವನದೇ ಅಕ್ಷರದಲ್ಲಿ ಹೀಗಿತ್ತು: ‘ಗುರುವಾರದ ವರದಿಯಲ್ಲಿ ತಪ್ಪಾಗಿದೆ. ಕೇಕಿಗೆ ಯಾರೂ ಧರ್ಮತಂದೆ ಇರಲಿಲ್ಲ.’

“ಭಾನುವಾರ ಬರ್ಬೇಕಂತೆ. ಮಾತು ಇಷ್ಟೇ ಇರ್ಬೇಕಂತೆ.”

“ಯಾರು ಹೇಳಿದ್ದು? ನಬೋರ್ ಕಡೆಯವ್ರಾ, ಕಮಾಂಡರ್ ಕಡೆಯವ್ರಾ?”

“ಇಬ್ರೂ ಒಂದೇ ನಂಬರಿಂದ ಮಾಡಿದ್ರು.”

“ಹಾಕ್ದಿದ್ರೆ?”

“ಹಾಕ್ದಿದ್ರೆ ಅಂತ ಅವರು ಏನೂ ಹೇಳ್ಲಿಲ್ಲ ಕೊಂಪಾದ್ರೆ.” ರುವಾಲ್ಕಾಬಾ ಚೀಟಿಯನ್ನು ಇನ್ನೂ ಅವನ ಹತ್ತಿರ ಸರಿಸಿದ. “ಹೇಳಿದ್ರೆ ವಾಸಿ ಇರ್ತಿತ್ತು.”

ಸಂಪಾದಕ ಆನ್ಸೆಲ್ಮೊ ಒಳ್ಳೆಯ ಮನುಷ್ಯ. ಪತ್ರಕರ್ತರಿಗೆ ರಕ್ಷಣೆ ಕೊಡುವ ಒಂದು ಕಚೇರಿಗೆ ಅಲ್ಲೇ ಫೋನ್ ಮಾಡಿದ. ಆ ಕಡೆಯ ಹೆಣ್ಣುಮಗಳು ತುಂಬ ಮರ್ಯಾದೆಯಿಂದ ಮಾತಾಡಿದಳು. ಹನ್ನೊಂದು ಪುಟದ ಅರ್ಜಿ ತುಂಬಬೇಕು, ಅಪಾಯ ಎಷ್ಟು ಎಂಬುದಕ್ಕೆ ಅಂಕ ಕೊಡುತ್ತಾರೆ, ಅಂಕ ಸಾಕಷ್ಟು ಬಂದರೆ ಮನೆಯ ಮುಂದೆ ಪೊಲೀಸ್ ಕಾವಲು ಹಾಕುತ್ತಾರೆ ಎಂದಳು. ಕಾವಲಿಗೆ ಸ್ಥಳೀಯ ಕಮಾಂಡರ್‌ನ ಸಹಿ ಬೇಕು. ಆನ್ಸೆಲ್ಮೊ ಆಕೆಗೆ ವಂದನೆ ಹೇಳಿ ಫೋನ್ ಇಟ್ಟ. ಶನಿವಾರ ಅವನು ಅತ್ತೆಯ ಊರಿಗೆ ಹೋದ. ಏನಾದರೂ ತೀರ್ಮಾನ ಮಾಡುವುದಿದ್ದಾಗಲೆಲ್ಲ ಅವನ ಅತ್ತೆಗೆ ಹುಷಾರು ತಪ್ಪುತ್ತಿತ್ತು.

ಲಿಬೋರಿಯೊ ಚೀಟಿಯಲ್ಲಿದ್ದದ್ದನ್ನು ಹಾಕಲು ಒಪ್ಪಿಕೊಂಡಿದ್ದ. ಇದೂ ನಿಜ. ಶನಿವಾರ ಬೆಳಿಗ್ಗೆ ಅದನ್ನು ಬೆರಳಚ್ಚು ಮಾಡಿಯೂ ಇಟ್ಟಿದ್ದ. ಹನ್ನೊಂದು ಗಂಟೆಗೆ ಅವನ ಮೇಜಿನ ಫೋನು ರಿಂಗಾಯಿತು.

“ನಾನು ರೊಸೌರಾ. ಕಮಾಂಡರ್ ಒರ್ದುನ್ಯಾ ಅವರ ಹೆಂಡತಿ.”

“ಹೇಳಿ ಅಮ್ಮಾ.”

“ನಿಮ್ಮ ಪತ್ರಿಕೆಲಿ ನನ್ನ ಹೆಸರು ಎಲ್ಲಿ?”

ಲಿಬೋರಿಯೊಗೆ ಅರ್ಥವಾಗಲಿಲ್ಲ.

“ಕಿರೀಟಕ್ಕೆ ಗಂಡ ಹೆಂಡತಿ ಇಬ್ರ ಹೆಸರಿದೆ. ಸಂಗೀತಕ್ಕೆ ಇಬ್ರದೂ ಇದೆ. ಕೇಕಿಗೆ ಅವರದ್ದೊಂದೇ. ನಾನೇನು ಸತ್ತಿದೀನಾ? ಆ ಕೇಕು ಆರಿಸಿದ್ದೇ ನಾನು. ಮೂರು ಹಾಲಿನ ಕೇಕು, ಮೇಲೆ ಸ್ಟ್ರಾಬೆರಿ. ಅವರಿಗೆ ಸ್ಟ್ರಾಬೆರಿಗೂ ಟೊಮೇಟೊಗೂ ವ್ಯತ್ಯಾಸ ಗೊತ್ತಾಗಲ್ಲ.”

“ಅಮ್ಮಾ, ಒಂದು ನಿಮಿಷ.”

ಅವನು ಪುಸ್ತಕ ತೆಗೆದು ನೋಡಿದ. ಪೆನ್ಸಿಲಿನಲ್ಲಿ ಹೆಸರಿತ್ತು. ಅಚ್ಚಾದ ಪುಟದಲ್ಲಿ ಇರಲಿಲ್ಲ. ಬೇಗ ಓದಿ ದಾಟಿದ ಜಾಗದಲ್ಲೇ ಬೇಗ ಬರೆದು ದಾಟಿದ್ದ. ಬೆದರಿಕೆಯ ಚೀಟಿ ಬಂದಾಗ ಕೂತೇ ಇದ್ದವನು ಈಗ ಎದ್ದು ನಿಂತ.

“ಬಿಟ್ಟುಹೋಗಿದೆ ಅಮ್ಮಾ. ನನ್ನದೇ ತಪ್ಪು.”

“ಊರಲ್ಲಿ ಏನಂತಿದಾರೆ ಗೊತ್ತಾ? ಗಂಡ ಬಿಟ್ಟಿದಾನೆ, ಅದಕ್ಕೆ ಒಬ್ನೇ ಬಂದ ಅಂತ. ಮಾರ್ಕೆಟ್ಟಲ್ಲಿ ಮೆಣಸಿನಕಾಯಿ ಮಾರೋಳು ನನ್ನ ನೋಡಿ ಪಾಪ ಅಂದ್ಳು. ಪಾಪ ಅಂತೆ. ನಂಗೆ!”

“ನಿಮ್ಮ ಯಜಮಾನರು ಆ ಹೆಸರೇ ಇರ್ಬಾರ್ದು ಅಂತಿದಾರಲ್ಲ.”



“ಅವರು ಏನಾದ್ರೂ ಅನ್ಲಿ,” ಎಂದಳು ಆಕೆ. “ಪಾದ್ರಿಗಳ ಮುಂದೆ ನಾನು ನಿಂತಿದ್ನಾ ಇಲ್ವಾ? ನೀವು ಅಲ್ಲೇ ಇದ್ರಿ. ಹೇಳಿ.”

“ನಿಂತಿದ್ರಿ ಅಮ್ಮಾ. ನೀಲಿ ಉಡುಪಲ್ಲಿ.”

“ಅಷ್ಟೇ,” ಎಂದು ಆಕೆ ಫೋನ್ ಇಟ್ಟಳು.

ಮಧ್ಯಾಹ್ನ ಮನೆಯಲ್ಲಿ ಒತೀಲ್ಯಾ ಮೊಟ್ಟೆ ಹಾಕಿ ಹುರಿದ ಒಣಮಾಂಸ ಬಡಿಸಿದಳು. ಸೂಟ್‌ಕೇಸು ಬಾಗಿಲ ಹತ್ತಿರ ತಯಾರಾಗಿತ್ತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೊರೇಲ್ಯಾ ಬಸ್ಸು, ಅಲ್ಲಿ ಅವಳ ಅಕ್ಕನ ಮನೆ. ಲಿಬೋರಿಯೊ ನಡೆದದ್ದೆಲ್ಲ ಹೇಳಿದ. ಭಾನುವಾರದ ಪುಟದಲ್ಲಿ ಒಂದೇ ತಿದ್ದುಪಡಿಗೆ ಜಾಗ. ಕೇಳಿರುವವರು ಎರಡು ಕಡೆಯವರು.

“ಮೊದಲನೇದು ಹಾಕು, ಬಸ್ ಹತ್ತು,” ಎಂದಳು ಒತೀಲ್ಯಾ. “ಸುಳ್ಳು ಬರೆದ್ರೆ ಕೈ ಬಿದ್ದೋಗುತ್ತಾ? ಒಂದು ಕೇಕು ಲಿಬೊ. ತಿಂದಾಯ್ತು, ಅರಗಾಯ್ತು.”

“ಭಾನುವಾರ ಎರಡು ಮದುವೆ ಇವೆ.”

“ನೀನಿಲ್ದೆ ಅವರು ಮದುವೆ ಆಗಲ್ವಾ?”

“ಆಗ್ತಾರೆ.”

“ಮತ್ತೆ?”

ಅವನು ತಟ್ಟೆಯಲ್ಲಿ ಬೆರಳಾಡಿಸಿದ. “ನಮ್ಮ ಪತ್ರಿಕೆಲಿ ಮೊದಲ ಪುಟ ಕರಬೂಜ, ಎರಡನೇ ಪುಟ ಬೇಸ್‌ಬಾಲು. ಜನ ನಂಬೋದು ಒಂದೇ ಪುಟ. ನಾನು ದೊಡ್ಡ ಸತ್ಯವಂತ ಅಂತಲ್ಲ. ಆ ಪುಟದಲ್ಲಿ ಸುಳ್ಳು ಹೇಳು ಅಂತ ಯಾರೂ ಕೇಳಿರ್ಲಿಲ್ಲ, ಅದಕ್ಕೆ. ಈಗ ಕೇಳಿದಾರೆ. ಆ ಹೆಂಗಸು ಅಲ್ಲಿ ನಿಂತಿದ್ಳು ಒತೀಲ್ಯಾ, ನನ್ನ ಪಕ್ಕದಲ್ಲಿ. ಅವಳಿಗೆ ಗಂಡನೂ ಇಲ್ಲ, ಕೇಕೂ ಇಲ್ಲ ಅಂತ ನಾನು ಬರೀಬೇಕು.”

“ನಾಯಿ ಕಂಡ್ರೆ ಓಡ್ತೀಯ. ಇದಕ್ಕೆ ಹೆದರಿಕೆ ಇಲ್ವಾ ನಿಂಗೆ?”

“ಇದೆ. ನೋಡು, ಒಂದು ತುತ್ತೂ ಇಳೀತಿಲ್ಲ.”

“ಅದು ಉಪ್ಪು ಜಾಸ್ತಿಯಾಗಿ,” ಎಂದಳು ಒತೀಲ್ಯಾ. ಎದ್ದು ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ಅವನನ್ನು ಇನ್ನೊಂದು ಸಲ ಕೇಳಿಕೊಳ್ಳಬೇಕಿತ್ತು ಎಂದು ಈಗಲೂ ಹೇಳುತ್ತಾಳೆ. ಕೇಳಿಕೊಂಡಿದ್ದರೂ ಅವನು ಕೇಳುತ್ತಿರಲಿಲ್ಲ ಎಂದು ಅವಳಿಗೆ ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಯಾರಿಗೂ ಗೊತ್ತಿಲ್ಲ.

ಸಂಜೆ ಪುಟ ಕಟ್ಟುವಾಗ ರುವಾಲ್ಕಾಬಾ ತಿದ್ದುಪಡಿಯನ್ನು ಓದಿದ. ಅದು ಹೀಗಿತ್ತು: ‘ಗುರುವಾರದ ಸಂಚಿಕೆಯಲ್ಲಿ ಕುಮಾರಿ ಯಾರೆತ್ಸಿಯ ಹಬ್ಬದ ವರದಿಯಲ್ಲಿ ಕೇಕಿನ ಧರ್ಮತಾಯಿ ಶ್ರೀಮತಿ ರೊಸೌರಾ ಬೆಲ್ಲೊ ದೆ ಒರ್ದುನ್ಯಾ ಅವರ ಹೆಸರು ಬಿಟ್ಟುಹೋಗಿದೆ. ಕೇಕನ್ನು ದಂಪತಿಗಳಿಬ್ಬರೂ ಸೇರಿ ಕೊಟ್ಟಿದ್ದರು. ತಪ್ಪಿಗಾಗಿ ಈ ಪುಟದ ಬರಹಗಾರ ವಿಷಾದಿಸುತ್ತಾನೆ.’

ಮೂವತ್ತೊಂದು ವರ್ಷದಲ್ಲಿ ಅವನು ತನ್ನನ್ನು ಪುಟದೊಳಗೆ ತಂದುಕೊಂಡದ್ದು ಅದೊಂದೇ ಸಲ. ಪತ್ರಿಕೆ ವಿಷಾದಿಸುತ್ತದೆ ಎಂದು ಬರೆಯುವುದು ವಾಡಿಕೆ. ಪತ್ರಿಕೆಯನ್ನು ಇದರಲ್ಲಿ ಸಿಕ್ಕಿಸುವುದು ಅವನಿಗೆ ಬೇಕಿರಲಿಲ್ಲ.

“ಕೊಂಪಾದ್ರೆ, ನಾನು ಇದನ್ನ ಈಗ ತೆಗೆದು ಹಾಕ್ಬಹುದು,” ಎಂದ ರುವಾಲ್ಕಾಬಾ.

“ಹಾಕ್ಬಹುದು.”

“ತೆಗೆದ್ರೆ ನೀನು ನನ್ನ ಜೊತೆ ಮಾತು ಬಿಡ್ತೀಯ.”

“ಬಿಡಲ್ಲ. ನಿನ್ನ ಮಗಳಿಗೆ ಧರ್ಮತಂದೆ ನಾನು, ಮಾತು ಬಿಡೋಕೆ ಬರಲ್ಲ. ಹೊರಗೆ ಹೋಗಿ ಒಂದು ಸಿಗರೇಟ್ ಸೇದ್ಕೊಂಡ್ ಬಾ. ನೋಡ್ಲಿಲ್ಲ ಅಂತ ಹೇಳು.”

ರುವಾಲ್ಕಾಬಾ ಸಿಗರೇಟು ಸೇದುವವನಲ್ಲ. ಆದರೂ ಹೊರಗೆ ಹೋದ. ಇಪ್ಪತ್ತು ನಿಮಿಷ ಗೋಡೆಗೆ ಒರಗಿ ನಿಂತಿದ್ದು ಒಳಗೆ ಬಂದ. ಅಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು.

ಭಾನುವಾರ ಲಿಬೋರಿಯೊ ಬಸ್ಸು ಹತ್ತಲಿಲ್ಲ. ಎರಡೂ ಮದುವೆಗೆ ಹೋದ. ಒಂದರಲ್ಲಿ ಪ್ಲಾಸಿದೊನ ಜೊತೆ ಜಗಳವಾಡಿದ, ವರನ ಬಾಯಿ ತೆರೆದಿತ್ತು. ಸೋಮವಾರ ಇಡೀ ದಿನ ಎರಡೂ ಮದುವೆಯ ಪಟ್ಟಿ ಬರೆದ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಚೌಕದ ಹಿಂದಿನ ತೋರ್ತಿಯಾ ಅಂಗಡಿಯ ಸಾಲಿನಲ್ಲಿ, ಆ ಜೋಳದ ರೊಟ್ಟಿ ಕಟ್ಟಿಸಿಕೊಳ್ಳುವ ಬಟ್ಟೆಯನ್ನು ಕಂಕುಳಲ್ಲಿ ಮಡಿಚಿಟ್ಟುಕೊಂಡು ನಿಂತಿದ್ದ. ಬಿಳಿಯ ವ್ಯಾನೊಂದು ಬಂದು ನಿಂತಿತು. ಇಳಿದವರು ಅವನ ಹೆಸರು ಹೇಳಿ ಕರೆದರು. ಅವನು ಹಿಂದೆ ನಿಂತಿದ್ದ ಎಉಲಾಲ್ಯಾ ಎಂಬ ಹೆಂಗಸಿನ ಕಡೆ ತಿರುಗಿ, “ನನ್ನ ಜಾಗ ನೋಡ್ಕೊಂಡಿರಿ ಅಮ್ಮಾ,” ಎಂದು ಹೋದ.

ಸಾಲಿನಲ್ಲಿ ಅವನಲ್ಲದೆ ಒಂಬತ್ತು ಜನರಿದ್ದರು. ಪೊಲೀಸರು ಕೇಳಿದಾಗ ಒಂಬತ್ತು ಜನವೂ ಆ ಹೊತ್ತಿಗೆ ತೋರ್ತಿಯಾ ಯಂತ್ರವನ್ನೇ ನೋಡುತ್ತಿದ್ದರು. ಎಉಲಾಲ್ಯಾ ಮಾತ್ರ ಮಧ್ಯಾಹ್ನ ಒಂದರವರೆಗೆ ಅವನ ಜಾಗವನ್ನು ಬಿಟ್ಟುಕೊಡಲಿಲ್ಲ. ತನ್ನ ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಕಳಿಸಿ, ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಕಿಲೋ ತೋರ್ತಿಯಾ ಕಟ್ಟಿಸಿಕೊಂಡು ಒತೀಲ್ಯಾಳ ಮನೆಗೆ ಹೋಗಿ ಕೊಟ್ಟಳು. “ಇನ್ನೂ ಬಿಸಿ ಇದೆ,” ಎಂದಳು.

ಗುರುವಾರ ನದಿಯ ದಂಡೆಯಲ್ಲಿ ಅವನು ಸಿಕ್ಕಿದ. ಹೇಗೆ ಸಿಕ್ಕಿದ ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅಂಗಿ ಅವನದೇ ಆಗಿತ್ತು. ರಾಜಧಾನಿಯಿಂದ ಹಿಂತಿರುಗಿದ್ದ ಕಮಾಂಡರ್ ಒರ್ದುನ್ಯಾ, ಮೃತನು ಬಹಳ ಸಮಾರಂಭಗಳಿಗೆ ಹೋಗುತ್ತಿದ್ದನಾದ್ದರಿಂದ ವೈಯಕ್ತಿಕ ಕಾರಣವನ್ನು ತಳ್ಳಿಹಾಕುವಂತಿಲ್ಲ ಎಂದು ಹೇಳಿಕೆ ಕೊಟ್ಟ. ಮಾಡಿದವರು ಯಾರು ಎಂಬುದರಲ್ಲಿ ಊರಲ್ಲಿ ಎರಡು ಅಭಿಪ್ರಾಯಗಳಿವೆ. ಎರಡನ್ನೂ ಜನ ಬಾಗಿಲು ಹಾಕಿಕೊಂಡೇ ಹೇಳುತ್ತಾರೆ. ರುವಾಲ್ಕಾಬಾನ ಎರಡನೆಯ ಫೋನಿಗೆ ಒಂದು ಸಾಲೂ ಬರಬಾರದೆಂದು ಕರೆ ಬಂತು. ಶುಕ್ರವಾರದ ಮೊದಲ ಪುಟದಲ್ಲಿ ಹುಣಸೆಹಣ್ಣಿನ ಸುದ್ದಿ ಇತ್ತು.

ನಮ್ಮಲ್ಲಿ ಸತ್ತವರಿಗೆ ಒಂಬತ್ತು ದಿನ ಜಪಮಾಲೆ ಹೇಳುತ್ತಾರೆ. ಹೆಣ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶಿಲುಬೆ ಬರೆದಿರುತ್ತಾರೆ. ಒಂಬತ್ತನೆಯ ದಿನ ಅದನ್ನು ಎತ್ತಬೇಕು. ತಲೆ, ಎರಡು ತೋಳು, ಪಾದ, ನಡುವಿನ ಎದೆ. ಒಂದೊಂದು ಭಾಗಕ್ಕೆ ಒಬ್ಬೊಬ್ಬರು ಧರ್ಮತಂದೆ, ಧರ್ಮತಾಯಿ. ಐದು ಜನ ಸುಣ್ಣವನ್ನು ಗೋರಿ ಪೆಟ್ಟಿಗೆಗೆ ತುಂಬಿ ಸಮಾಧಿಗೆ ಒಯ್ಯುತ್ತಾರೆ. ಎತ್ತದೆ ಬಿಟ್ಟರೆ ಸತ್ತವನು ಮನೆ ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ.

ಅರವತ್ತಮೂರು ಧರ್ಮಮಕ್ಕಳಲ್ಲಿ ಬಹಳ ಮಂದಿಗೆ ಆ ವಾರ ಜ್ವರ ಬಂತು. ಕೆಲವರಿಗೆ ಬಸ್ಸು ಸಿಗಲಿಲ್ಲ. ಬಂದವರು ಅಂಗಳದಲ್ಲಿ ಜೋಳದ ಸಿಪ್ಪೆಯಲ್ಲಿ ಬೇಯಿಸಿದ ತಮಾಲೆ ಕಡುಬು ತಿಂದರು, ಜಪಮಾಲೆ ಹೇಳಿದರು, ಅತ್ತರು. ಆದರೆ ಶಿಲುಬೆಗೆ ಧರ್ಮತಂದೆಯಾಗುವುದೆಂದರೆ ಹೆಸರು ಕೊಡುವುದು. ಒತೀಲ್ಯಾ ಅಂಗಳಕ್ಕೆ ಬಂದು ನಿಂತಾಗ ಎಲ್ಲರೂ ತಮಾಲೆಯ ಸಿಪ್ಪೆ ಬಿಡಿಸುವುದರಲ್ಲಿ ಮುಳುಗಿದರು. ತಲೆಗೆ ಪ್ಲಾಸಿದೊ ಬಂದ. ಬಲತೋಳಿಗೆ ಎಉಲಾಲ್ಯಾ. ಎಡತೋಳಿಗೆ ರುವಾಲ್ಕಾಬಾ. ಪಾದಕ್ಕೆ, ಸ್ವಲ್ಪ ಹೊತ್ತು ಯೋಚಿಸಿ, ಸಂಪಾದಕ ಆನ್ಸೆಲ್ಮೊ. ಎದೆಗೆ ಯಾರೂ ಬರಲಿಲ್ಲ. ಪಾದ್ರಿ ಗಡಿಯಾರ ನೋಡಿದರು. ನಾಲ್ವರಿಗೇ ಮಾಡಿಬಿಡೋಣವೇ ಎಂದು ಕೇಳಿದರು.

ಆಗ ಗೇಟಿನ ಹತ್ತಿರ ಟ್ಯಾಕ್ಸಿಯೊಂದು ನಿಂತಿತು. ಇಳಿದವಳು ರೊಸೌರಾ. ಒಬ್ಬಳೇ ಬಂದಿದ್ದಳು, ತಲೆಯ ಮೇಲೆ ಕಪ್ಪು ಬಟ್ಟೆ. ಅಂಗಳದಲ್ಲಿ ಕೂತವರು ಬೆಂಚು ಸಮೇತ ಹಿಂದಕ್ಕೆ ಸರಿದರು.

“ಜಾಗ ಇದ್ರೆ ನಾನು ನಿಲ್ತೀನಿ,” ಎಂದಳು ಒತೀಲ್ಯಾಳಿಗೆ.

ಒತೀಲ್ಯಾ ಆಕೆಯನ್ನು ಎಂದೂ ನೋಡಿರಲಿಲ್ಲ. ಆದರೂ ಯಾರೆಂದು ಗೊತ್ತಾಯಿತು.

“ನಿಮ್ಮ ಯಜಮಾನರಿಗೆ ಗೊತ್ತಾ ಇಲ್ಲಿಗೆ ಬಂದಿದ್ದು?”

“ಸಂಜೆ ಗೊತ್ತಾಗುತ್ತೆ.” ರೊಸೌರಾ ತಲೆಯ ಬಟ್ಟೆಯನ್ನು ಹಣೆಗೆ ಎಳೆದುಕೊಂಡಳು. “ನಾನು ಫೋನ್ ಮಾಡ್ಬಾರ್ದಿತ್ತು ಅಕ್ಕಾ. ಒಂದು ಹೆಸರಿಗೆ.”

ಒತೀಲ್ಯಾ ಏನು ಹೇಳಿದರೂ ಅಲ್ಲಿದ್ದವರು ತಪ್ಪು ತಿಳಿಯುತ್ತಿರಲಿಲ್ಲ. ಬೈದಿದ್ದರೂ, ಹೊರಗೆ ಕಳಿಸಿದ್ದರೂ ಅದು ಅವಳ ಹಕ್ಕು. ಅವಳು ರೊಸೌರಾಳನ್ನು ಬಹಳ ಹೊತ್ತು ನೋಡಿದಳು.

“ಮಾಡ್ಬೇಕಿತ್ತು,” ಎಂದಳು ಕೊನೆಗೆ. “ಬಿಟ್ಟುಹೋಗಿತ್ತಲ್ಲ. ಬನ್ನಿ, ಇಲ್ಲಿ ಮಂಡಿಯೂರಿ. ಸುಣ್ಣ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ.”

ಐವರೂ ಮಂಡಿಯೂರಿದರು. ಪಾದ್ರಿ ಹೇಳಿದಂತೆ ಮೊದಲು ತಲೆ, ಆಮೇಲೆ ತೋಳುಗಳು, ಆಮೇಲೆ ಪಾದ, ಕೊನೆಗೆ ಎದೆ. ಪೆಟ್ಟಿಗೆ ಮುಚ್ಚಿದ ಮೇಲೆ ನೆಲದಲ್ಲಿ ತೆಳ್ಳಗೆ ಬಿಳಿ ಉಳಿದಿತ್ತು. ಅದನ್ನು ಒತೀಲ್ಯಾ ಒದ್ದೆ ಬಟ್ಟೆಯಿಂದ ಒರೆಸಿದಳು.

ಸಮಾಧಿಯಿಂದ ಬಂದು ರುವಾಲ್ಕಾಬಾ ನೇರ ಕಚೇರಿಗೆ ಹೋದ. ಭಾನುವಾರದ ಮೂರನೆಯ ಪುಟದಲ್ಲಿ ಒಂದು ಮದುವೆಗೂ ಒಂದು ದೀಕ್ಷಾಸ್ನಾನಕ್ಕೂ ನಡುವೆ ಒಂದು ಸುದ್ದಿ ಬಂತು. ಲಿಬೋರಿಯೊ ಸಾಮಾನೊ ಅವರ ಶಿಲುಬೆ ಎತ್ತುವ ಶಾಸ್ತ್ರ ಅವರ ಮನೆಯಲ್ಲಿ ನಡೆಯಿತು ಎಂದು ಅದರಲ್ಲಿತ್ತು. ಕೆಳಗೆ ಐದು ಹೆಸರು, ಯಾರು ಯಾವ ಭಾಗ ಎತ್ತಿದರು ಎಂಬುದರ ಸಮೇತ. ಅದನ್ನು ಹಾಕುವ ಮುಂಚೆ ಅವನು ಯಾರಿಗೂ ಫೋನ್ ಮಾಡಿ ಕೇಳಲಿಲ್ಲ.